ಬೆಣ್ಣೆ ದೋಸೆಯ ಮೂರು ಆಯಾಮದ ಮಾದರಿ: ಹಿಟ್ಟು ಹುಯ್ಯುವುದರಿಂದ ಮಡಚುವವರೆಗಿನ ಕೆಲಸದ ದಾಖಲೆ

ಮೂರು ಆಯಾಮದ ಮಾದರಿ, ಅನಿಮೇಷನ್‌ಗಳನ್ನು ಕಟ್ಟುವ ಬ್ಲೆಂಡರ್ ತಂತ್ರಾಂಶ ಕಲಿಯಲು ಕುಳಿತ ಬಹುಪಾಲು ಜನರು ಮೊದಲು ಮಾಡುವ ವಸ್ತು ಡೋನಟ್. ಉಂಗುರದಾಕಾರದ ಟೋರಸ್ ಮೆನುವಿನಲ್ಲೇ ಸಿದ್ಧವಾಗಿ ಸಿಗುತ್ತದೆ. ಅದರ ಮೇಲರ್ಧವನ್ನು ಪ್ರತಿ ಮಾಡಿ ಐಸಿಂಗ್ ಇಳಿಬಿಟ್ಟು, ಬಣ್ಣದ ಸಕ್ಕರೆ ಕಡ್ಡಿಗಳನ್ನು ಉದುರಿಸಿದರೆ, ಮೆಶ್ (ಬಿಂದು, ಗೆರೆಗಳ ಬಲೆಯಾಗಿ ಕಟ್ಟಿದ ಮೇಲ್ಮೈ) ತಿದ್ದುವುದರಿಂದ ಹಿಡಿದು ಬೆಳಕು, ಕ್ಯಾಮೆರಾ, ಕೊನೆಯ ಚಿತ್ರವನ್ನು ಲೆಕ್ಕ ಹಾಕಿ ಹೊರತೆಗೆಯುವ ರೆಂಡರ್‌ವರೆಗಿನ ಪಾಠಗಳೆಲ್ಲ ಒಂದು ಸುತ್ತು ಮುಗಿಯುತ್ತವೆ. ಅಭ್ಯಾಸವಾಗಿ ಅದು ಒಳ್ಳೆಯದೇ. ಆದರೆ ದಾವಣಗೆರೆಯಲ್ಲಿ ಕುಳಿತು ಮಾಡಿದ ಡೋನಟ್ ಸರಿಯಾಗಿದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬಲ್ಲವರು ನನ್ನ ಸುತ್ತಮುತ್ತ ಇಲ್ಲ. ನಾನೇ ಅದನ್ನು ಬೇಕರಿಯ ಗಾಜಿನ ಆಚೆಗೆ ಕಂಡದ್ದು ಹೆಚ್ಚು. ಬೆಣ್ಣೆ ದೋಸೆಯ ವಿಷಯ ಹಾಗಲ್ಲ. ವಿದ್ಯಾನಗರದಿಂದ ಮಂಡಿಪೇಟೆಯವರೆಗೆ ಯಾರನ್ನು ನಿಲ್ಲಿಸಿ ತೋರಿಸಿದರೂ ಒಂದು ನೋಟಕ್ಕೆ ತಪ್ಪು ಹಿಡಿಯುತ್ತಾರೆ. ಕಲಿಯುವವನಿಗೆ ಇಷ್ಟು ಮಂದಿ ಪರೀಕ್ಷಕರು ಪುಕ್ಕಟೆಯಾಗಿ ಸಿಗುವ ಬೇರೆ ವಸ್ತು ಈ ಊರಿನಲ್ಲಿ ಇಲ್ಲವೆಂದೇ ನಾನು ಡೋನಟನ್ನು ಬಿಟ್ಟು ದೋಸೆಯನ್ನು ಆರಿಸಿಕೊಂಡೆ.

ಮನೆಯ ವಸ್ತುವನ್ನು ಪರೀಕ್ಷೆಗೆ ಒಡ್ಡುವುದು ಈ ವಿದ್ಯೆಯಲ್ಲಿ ಹಳೆಯ ರೂಢಿ. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಚಹಾ ಪಾತ್ರೆಯನ್ನೇ ಗಣಿತದ ವಕ್ರರೇಖೆಗಳಲ್ಲಿ ಕಟ್ಟಿದರು. ಅದು ಇಂದಿಗೂ ಗ್ರಾಫಿಕ್ಸ್ ಪ್ರಯೋಗಗಳ ಸಿದ್ಧ ಮಾದರಿಯಾಗಿ ಉಳಿದಿದೆ. ಅವರ ಮೊದಲ ಮಾದರಿಗೆ ತಳವೇ ಇರಲಿಲ್ಲ ಎಂಬುದು ನನಗೆ ಬಹಳ ಧೈರ್ಯ ಕೊಟ್ಟ ಸಂಗತಿ. ಕ್ಯಾಮೆರಾ ಕಾಣದ ಭಾಗಕ್ಕೆ ಕೆಲಸ ಹಾಕಬಾರದೆಂದು ಮೊದಲೇ ನಿಶ್ಚಯಿಸಿದ್ದರಿಂದ ನನ್ನ ಕಾವಲಿಗೂ ತಳವಿಲ್ಲ, ಒಲೆಗೆ ಹಿಂಬದಿಯ ಗೋಡೆಯಿಲ್ಲ.

ಗುರಿ ಹೀಗಿತ್ತು: ಹನ್ನೆರಡು ಸೆಕೆಂಡಿನ ಒಂದೇ ದೃಶ್ಯ. ಕಾದ ಕಾವಲಿಯ ಮೇಲೆ ಹಿಟ್ಟು ಬೀಳುತ್ತದೆ, ಸೌಟು ಸುತ್ತುತ್ತದೆ, ತೂತುಗಳು ಏಳುತ್ತವೆ, ಬೆಣ್ಣೆ ಕರಗುತ್ತದೆ, ದೋಸೆ ಮಗುಚಿ ಮಡಚಿಕೊಳ್ಳುತ್ತದೆ. ನಿಜವಾದ ಒಲೆಯ ಮೇಲೆ ಇದಕ್ಕೆ ಕೆಲವು ನಿಮಿಷ ಬೇಕಾಗುವುದರಿಂದ ನಡುವಿನ ಬೇಯುವ ಕಾಲವನ್ನು ಮಾತ್ರ ಒತ್ತಿ ಹಿಡಿದಿದ್ದೇನೆ. ಕೈಯ ಚಲನೆಗಳೆಲ್ಲ ನಿಜದ ವೇಗದಲ್ಲೇ ಇವೆ. ಬ್ಲೆಂಡರ್ 4.2, ಎಂಟು ಜಿಬಿ ಮೆಮೊರಿಯ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್, ಮೂರು ಬಟನ್ನಿನ ಮೌಸ್, ಇಷ್ಟೇ ಸಲಕರಣೆ.

ಅಳತೆ ಮತ್ತು ಚಿತ್ರಗಳು

ಕಟ್ಟಿಗೆ ಒಲೆಯ ಒಂದು ಹೋಟೆಲಿನಲ್ಲಿ, ಬೆಳಗಿನ ಗಿರಾಕಿಗಳ ಗದ್ದಲ ಇಳಿದ ಹೊತ್ತಿನಲ್ಲಿ, ಭಟ್ಟರ ಅನುಮತಿ ಪಡೆದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಫ್ಲ್ಯಾಶ್ ಬಳಸಲಿಲ್ಲ. ಫ್ಲ್ಯಾಶ್ ಬೆಳಕು ಎದುರಿನಿಂದ ನೇರವಾಗಿ ಬೀಳುವುದರಿಂದ ತೂತುಗಳ ನೆರಳು ಅಳಿಸಿಹೋಗಿ, ಮೇಲ್ಮೈ ಎಷ್ಟು ತಗ್ಗು, ಎಷ್ಟು ಉಬ್ಬು ಎಂದು ತಿಳಿಯುವುದೇ ಇಲ್ಲ. ಬಾಗಿಲ ಕಡೆಯಿಂದ ಓರೆಯಾಗಿ ಬರುವ ಬೆಳಕಿನಲ್ಲಿ ತೆಗೆದ ಚಿತ್ರಗಳೇ ಕೊನೆಯವರೆಗೂ ಉಪಯೋಗಕ್ಕೆ ಬಂದವು. ತಟ್ಟೆಯ ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯವನ್ನು ಇಟ್ಟಿದ್ದೆ. ಅದರ ವ್ಯಾಸ 27 ಮಿಲಿಮೀಟರ್ ಆದ್ದರಿಂದ ಚಿತ್ರದಲ್ಲಿನ ಬೇರೆಲ್ಲ ಅಳತೆಗಳನ್ನೂ ಅದರಿಂದಲೇ ಲೆಕ್ಕ ಹಾಕಬಹುದು. ದೋಸೆಯ ಅಡ್ಡಗಲ ಸುಮಾರು 18 ಸೆಂಟಿಮೀಟರ್, ದಪ್ಪ ನಾಲ್ಕರಿಂದ ಏಳು ಮಿಲಿಮೀಟರ್. ಬೆಂಗಳೂರಿನ ಮಸಾಲೆ ದೋಸೆಯ ಅಗಲವೂ ಇದಕ್ಕಿಲ್ಲ, ಆ ತೆಳುವೂ ಇಲ್ಲ; ಅಂಚು ಗರಿಗರಿ, ಒಡಲು ಮೆತ್ತಗೆ.

ಬ್ಲೆಂಡರಿನಲ್ಲಿ ವಸ್ತುಗಳನ್ನು ನಿಜದ ಅಳತೆಯಲ್ಲೇ, ಅಂದರೆ ದೋಸೆಯನ್ನು 0.18 ಮೀಟರ್ ಎಂದೇ ಕಟ್ಟಬೇಕೆಂದು ಮೊದಲೇ ತೀರ್ಮಾನಿಸಿದ್ದಕ್ಕೆ ಮುಂದೆ ಎರಡು ಕಡೆ ಫಲ ಸಿಕ್ಕಿತು: ಬೆಳಕು ವಸ್ತುವಿನೊಳಗೆ ಹೊಕ್ಕು ಹರಡುವ ಲೆಕ್ಕದಲ್ಲಿ ಮತ್ತು ಕ್ಯಾಮೆರಾದ ಫೋಕಸ್ ಆಳದಲ್ಲಿ. ಎರಡೂ ಉದ್ದವನ್ನು ಮೀಟರಿನಲ್ಲೇ ನಂಬುತ್ತವೆ. ಎರಡು ಮೀಟರ್ ಅಗಲದ ದೋಸೆಗೆ ಯಾವ ಲೆನ್ಸ್ ಹಾಕಿದರೂ ಅದು ಅಂಗಳದಲ್ಲಿ ಹಾಸಿದ ಜಮಖಾನೆಯಂತೆ ಕಾಣುತ್ತದೆ.

ಕಾವಲಿ

ಆಕಾರದಲ್ಲಿ ಹೇಳುವಂಥದ್ದೇನೂ ಇಲ್ಲ. ದಪ್ಪ ಕಬ್ಬಿಣದ ಒಂದು ಹಲಗೆ, ಅಂಚುಗಳಿಗೆ ಅವನ್ನು ತುಸು ಸವೆಸುವ ಬೆವೆಲ್ ಮಾಡಿಫೈಯರ್. ಬೆವೆಲ್ ಇಲ್ಲದ ಅಂಚು ಕತ್ತಿಯಷ್ಟು ಹರಿತವಾಗಿರುವುದರಿಂದ ಅಲ್ಲಿ ಬೆಳಕಿನ ಗೆರೆ ಮೂಡುವುದಿಲ್ಲ, ವಸ್ತು ಕಾಗದದಲ್ಲಿ ಕತ್ತರಿಸಿದ ಹಾಗೆ ತೋರುತ್ತದೆ.

ಬಣ್ಣ ಮತ್ತು ಹೊಳಪಿನಲ್ಲಿ ಮಾತ್ರ ಯೋಚಿಸಬೇಕಾದದ್ದಿತ್ತು. ಕಬ್ಬಿಣವೆಂದ ಕೂಡಲೇ ವಸ್ತುವಿನ ಬಣ್ಣ, ಹೊಳಪುಗಳನ್ನು ನಿರ್ಧರಿಸುವ ಪ್ರಿನ್ಸಿಪಲ್ಡ್ ಶೇಡರಿನಲ್ಲಿ ಮೆಟಾಲಿಕ್ ಮೌಲ್ಯವನ್ನು 1ಕ್ಕೆ ಏರಿಸುವುದು ಎಲ್ಲರ ರೂಢಿ. ಆದರೆ ವರ್ಷಗಟ್ಟಲೆ ದೋಸೆ ಹಾಕಿದ ಕಾವಲಿಯಲ್ಲಿ ಬೆಳಕು ಮೊದಲು ತಾಗುವುದು ಕಬ್ಬಿಣವನ್ನಲ್ಲ, ಎಣ್ಣೆ ಕಾದು ಕಾದು ಗಟ್ಟಿಯಾಗಿ ಕೂತ ಕಪ್ಪು ಪದರವನ್ನು. ಆದ್ದರಿಂದ ಮೂಲ ವಸ್ತುವನ್ನು ಲೋಹವಲ್ಲದ ಕಡುಗಪ್ಪಾಗಿ ಇಟ್ಟು, ಒರಟುತನವನ್ನು ಅಡ್ಡಾದಿಡ್ಡಿ ಏರಿಳಿತ ಕೊಡುವ ನಾಯ್ಸ್ ಟೆಕ್ಸ್‌ಚರ್ ಮೂಲಕ 0.3ರಿಂದ 0.6ರ ನಡುವೆ ಏರಿಳಿಸಿ, ಸಟ್ಟುಗ ದಿನವೂ ಕೆರೆಯುವ ಜಾಗದಲ್ಲಿ ಮಾತ್ರ ಒಂದು ಮಾಸ್ಕ್ ಬಿಡಿಸಿ ಮೆಟಾಲಿಕ್ 1 ಕೊಟ್ಟೆ. ಆ ಕೆರೆತದ ಗೆರೆಗಳು ಭಟ್ಟರ ಬಲಗೈ ನಿಲುವಿಗೆ ತಕ್ಕಂತೆ ಒಂದೇ ಓರೆಯಲ್ಲಿ ಇರಬೇಕು. ಎಲ್ಲ ದಿಕ್ಕಿಗೂ ಎಳೆದ ಗೀರುಗಳು ಬಳಸಿದ ಕಾವಲಿಯನ್ನು ತೋರಿಸುವುದಿಲ್ಲ, ಬಿದ್ದು ಉರುಳಿದ ಕಾವಲಿಯನ್ನು ತೋರಿಸುತ್ತವೆ.

ದೋಸೆಯ ಒಡಲು

ಇಡೀ ಕೆಲಸದ ತಿರುಳು ಇಲ್ಲಿದೆ. ದೋಸೆಯನ್ನು ಮಾಡಲು ಸುಲಭದ ದಾರಿಯೊಂದಿದೆ: ಚಪ್ಪಟೆ ಸಿಲಿಂಡರ್ ಇಟ್ಟು, ನಿಜವಾದ ದೋಸೆಯ ಫೋಟೊವನ್ನು ಅದರ ಮೇಲೆ ಹೊದಿಸುವುದು. ನಿಂತ ಚಿತ್ರಕ್ಕೆ ಅದು ಸಾಕು. ಚಲಿಸುವ ಚಿತ್ರದಲ್ಲಿ ದೋಸೆ ಕಣ್ಣೆದುರೇ ಆಗಬೇಕಾದ್ದರಿಂದ, ನಾನು ಕಾಣಬೇಕಾದ ರೂಪವನ್ನು ಬಿಟ್ಟು ಆ ರೂಪ ಯಾವ ಕ್ರಮದಲ್ಲಿ ಹುಟ್ಟುತ್ತದೆ ಎಂಬುದನ್ನು ಕಟ್ಟಲು ಹೊರಟೆ. ಸೌಟು ಹಾದ ದಾರಿಯಿಂದ ದಪ್ಪ ನಿರ್ಧಾರವಾಗುತ್ತದೆ. ದಪ್ಪದಿಂದ ನೀರು ಆರುವ ಕಾಲ. ನೀರು ಆರಿದ ಮೇಲೆ ಕೆಂಪು. ಮೊದಲ ಕೊಂಡಿಯನ್ನು ಸರಿಯಾಗಿ ಹಾಕಿದರೆ ಉಳಿದವು ತಾವಾಗಿ ಬರುತ್ತವೆ.

ಆಕಾರವನ್ನು ಕೈಯಿಂದ ಕೆತ್ತದೆ, ನೋಡ್ ಎಂಬ ಲೆಕ್ಕದ ಪೆಟ್ಟಿಗೆಗಳನ್ನು ಜೋಡಿಸಿ ಕಟ್ಟುವ ಜಿಯೊಮೆಟ್ರಿ ನೋಡ್ಸ್‌ನಲ್ಲಿ ಸುರುಳಿ ಗೆರೆ ಎಳೆಯುವ ಸ್ಪೈರಲ್ ಎಂಬ ನೋಡ್ ಇದೆ. ಆರಂಭದ ತ್ರಿಜ್ಯ ಸೊನ್ನೆ, ಕೊನೆಯ ತ್ರಿಜ್ಯ 9 ಸೆಂಟಿಮೀಟರಿಗೆ ತುಸು ಕಡಿಮೆ, ಸುತ್ತುಗಳು ಐದು, ಎತ್ತರ ಸೊನ್ನೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಸುಮಾರು 18 ಮಿಲಿಮೀಟರ್ ಅಂತರ ಬರುತ್ತದೆ. ಇದು ಸೌಟಿನ ಬೆನ್ನು ಹಾದುಹೋಗುವ ದಾರಿ. ಸೌಟು ಒತ್ತಿದ ದಾರಿಯಲ್ಲಿ ಹಿಟ್ಟು ತೆಳುವಾಗಿ, ಎರಡು ಸುತ್ತುಗಳ ನಡುವೆ ಬದುವಿನ ಹಾಗೆ ದಪ್ಪನಾಗಿ ಉಳಿಯುತ್ತದೆ. ಇದನ್ನು ಲೆಕ್ಕಕ್ಕೆ ತರಲು, ಒಂದು ಮಿಲಿಮೀಟರಿಗಿಂತ ಸಣ್ಣ ಕಣ್ಣುಗಳ ಗ್ರಿಡ್ ಒಂದನ್ನು ಹಾಸಿ, ಸ್ಪೈರಲನ್ನು ಮೆಶ್ ಆಗಿ ಪರಿವರ್ತಿಸಿ, ಜಿಯೊಮೆಟ್ರಿ ಪ್ರಾಕ್ಸಿಮಿಟಿ ನೋಡ್ ಮೂಲಕ ಗ್ರಿಡ್ಡಿನ ಪ್ರತಿಯೊಂದು ಬಿಂದುವಿಗೂ ಹತ್ತಿರದ ಗೆರೆ ಎಷ್ಟು ದೂರದಲ್ಲಿದೆ ಎಂದು ಕೇಳಿದೆ. ದೂರ ಸೊನ್ನೆಯಿದ್ದಲ್ಲಿ ದಪ್ಪ 4 ಮಿಲಿಮೀಟರ್, ದೂರ 9 ಇದ್ದಲ್ಲಿ ದಪ್ಪ 7. ಮ್ಯಾಪ್ ರೇಂಜ್ ನೋಡ್ ಇಷ್ಟನ್ನು ಮಾಡಿಕೊಡುತ್ತದೆ. ಅದಕ್ಕಿಂತ ದೂರದ ಬಿಂದುಗಳನ್ನು ಅಳಿಸಿಹಾಕಬೇಕು. ಅಳಿಸುವ ಗಡಿಗೆ ಸ್ವಲ್ಪ ನಾಯ್ಸ್ ಬೆರೆಸಿದರೆ ದೋಸೆಯ ಅಂಚು ಕಂಪಾಸು ಹಿಡಿದು ಬರೆದಂತೆ ಕಾಣುವುದು ತಪ್ಪುತ್ತದೆ. ಕೊನೆಯ ಸುತ್ತಿನಾಚೆ ಮಾತ್ರ ಈ ಸೂತ್ರ ನಡೆಯುವುದಿಲ್ಲ, ಅಲ್ಲಿ ಹಿಟ್ಟನ್ನು ತಡೆಯಲು ಇನ್ನೊಂದು ಸುತ್ತು ಇಲ್ಲವಾದ್ದರಿಂದ ಅದು ಹರಿದು ತೆಳುವಾಗುತ್ತದೆ. ಆ ಪಟ್ಟಿಯಲ್ಲಿ ದಪ್ಪವನ್ನು ಒಂದು ಮಿಲಿಮೀಟರಿಗೆ ಇಳಿಸಿದೆ. ತಿನ್ನುವಾಗ ಮೊದಲು ಮುರಿದುಕೊಳ್ಳುವ ಆ ಗರಿಗರಿ ಅಂಚು ಹುಟ್ಟಿದ್ದು ಹೀಗೆ.

ಸೌಟಿನ ಚಲನೆಗೆ ಟ್ರಿಮ್ ಕರ್ವ್ ನೋಡ್. ಸ್ಪೈರಲಿನ ಎಷ್ಟು ಭಾಗ ಕಾಣಬೇಕು ಎಂಬ ಮೌಲ್ಯವನ್ನು 0ಯಿಂದ 1ರವರೆಗೆ ಕೀಫ್ರೇಮ್ ಮಾಡಿದರೆ (ಮೊದಲ, ಕೊನೆಯ ಫ್ರೇಮುಗಳಲ್ಲಿ ಮೌಲ್ಯ ಗುರುತಿಸಿ, ನಡುವಿನದನ್ನು ಯಂತ್ರಕ್ಕೆ ಬಿಟ್ಟರೆ) ದೋಸೆ ನಡುವಿನಿಂದ ಹೊರಕ್ಕೆ ಬೆಳೆಯುತ್ತದೆ. ಆದರೆ ಈ ಮೌಲ್ಯ ಅಳೆಯುವುದು ಗೆರೆಯ ಉದ್ದವನ್ನು. ಕೀಫ್ರೇಮುಗಳ ನಡುವೆ ಲೀನಿಯರ್ ಆಯ್ದರೆ ಸೌಟು ಪ್ರತಿ ಫ್ರೇಮಿಗೂ ಅಷ್ಟೇ ಸೆಂಟಿಮೀಟರ್ ಚಲಿಸುತ್ತದೆ. ನಡುವಿನ ಪುಟ್ಟ ಸುತ್ತುಗಳು ಗಿರಗಿರನೆ ಮುಗಿದು ಹೊರಗಿನ ದೊಡ್ಡ ಸುತ್ತು ತೆವಳುತ್ತದೆ. ಭಟ್ಟರ ಕೈಯ ವಿಡಿಯೊವನ್ನು ಫ್ರೇಮ್ ಫ್ರೇಮಾಗಿ ಸರಿಸಿ ನೋಡಿದಾಗ ತಿಳಿದದ್ದೆಂದರೆ, ಅವರ ಕೈ ಒಂದು ಸುತ್ತಿಗೆ ತೆಗೆದುಕೊಳ್ಳುವ ಕಾಲ ಹೆಚ್ಚು ಕಡಿಮೆ ಒಂದೇ, ಸುತ್ತು ಚಿಕ್ಕದಿರಲಿ ದೊಡ್ಡದಿರಲಿ. ಇಂಥ ಸುರುಳಿಯಲ್ಲಿ ತ್ರಿಜ್ಯ ಕೋನದ ಜೊತೆ ಒಂದೇ ಪ್ರಮಾಣದಲ್ಲಿ ಬೆಳೆಯುವುದರಿಂದ, ಸಾಗಿದ ಉದ್ದ ಕೋನದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾದರೆ ಮೌಲ್ಯವೂ ಕಾಲದ ವರ್ಗದಂತೆ ಏರಬೇಕು: ಅರ್ಧ ಕಾಲ ಕಳೆದಾಗ ಗೆರೆಯ ಕಾಲು ಭಾಗ ಮಾತ್ರ ಮುಗಿದಿರಬೇಕು. ಗ್ರಾಫ್ ಎಡಿಟರಿನಲ್ಲಿ ಇಂಟರ್‌ಪೊಲೇಷನ್ ಪಟ್ಟಿಯಿಂದ ಕ್ವಾಡ್ರಾಟಿಕ್, ಅದರಲ್ಲಿ ಈಸ್ ಇನ್ ಆಯ್ದುಕೊಂಡರೆ ಕೈಯಿಂದ ತಿದ್ದದೆಯೇ ಇದು ದೊರೆಯುತ್ತದೆ. ಪಿಯುಸಿಯಲ್ಲಿ ಓದಿದ ಗಣಿತ ದೋಸೆಯ ಮೇಲೆ ಹೀಗೆ ಕೆಲಸಕ್ಕೆ ಬಂದದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು.

ಸೌಟನ್ನು ಪ್ರತ್ಯೇಕವಾಗಿ ಅನಿಮೇಟ್ ಮಾಡಲಿಲ್ಲ. ಸ್ಯಾಂಪಲ್ ಕರ್ವ್ ನೋಡ್‌ಗೆ ಅದೇ ಮೌಲ್ಯವನ್ನು ಕೊಟ್ಟು, ಅದು ತಿಳಿಸುವ ಜಾಗದಲ್ಲಿ ಸೌಟನ್ನು ಕೂರಿಸಿದೆ. ಒಂದೇ ಸಂಖ್ಯೆ ಎರಡನ್ನೂ ನಡೆಸುವುದರಿಂದ ಮುಂದೆ ವೇಗವನ್ನು ಎಷ್ಟು ಬದಲಿಸಿದರೂ ಸೌಟು ಒಂದು ಕಡೆ, ಹಿಟ್ಟು ಒಂದು ಕಡೆ ಆಗುವುದಿಲ್ಲ.

ತೂತುಗಳು

ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು ಹುಳಿಯುವಾಗ ಹುಟ್ಟಿದ ಗಾಳಿಯೂ ಕಾವಲಿಯ ಕಾವಿಗೆ ಏಳುವ ಹಬೆಯೂ ಮೇಲಕ್ಕೆ ಬಂದು ಒಡೆದಾಗ ತೂತುಗಳಾಗುತ್ತವೆ. ಇವನ್ನು ಕೋಶಗಳಂಥ ವಿನ್ಯಾಸ ಮೂಡಿಸುವ ವೊರೊನಾಯ್ ಟೆಕ್ಸ್‌ಚರಿನಿಂದ ಬಂಪ್ ಆಗಿ ತೋರಿಸುವುದು ಹಗುರವಾದ ಉಪಾಯ, ಆದರೆ ಓರೆಬೆಳಕಿನಲ್ಲಿ ಬಂಪ್‌ನ ಗುಟ್ಟು ರಟ್ಟಾಗುತ್ತದೆ: ಅದು ಮೇಲ್ಮೈಯ ಬೆಳಕನ್ನು ಬದಲಿಸುತ್ತದೆಯೇ ಹೊರತು ಮೇಲ್ಮೈಯನ್ನೇ ತಗ್ಗಿಸುವುದಿಲ್ಲ. ಕ್ಯಾಮೆರಾ ಹತ್ತಿರವಿರುವುದರಿಂದ ದೊಡ್ಡ ತೂತುಗಳನ್ನು ನಿಜವಾದ ತಗ್ಗುಗಳಾಗಿಯೇ ಮಾಡಿ, ಸಾಸಿವೆಗಿಂತ ಚಿಕ್ಕವನ್ನು ಮಾತ್ರ ಬಂಪಿಗೆ ಬಿಟ್ಟೆ.

ದೊಡ್ಡ ತೂತುಗಳಿಗೆ ಡಿಸ್ಟ್ರಿಬ್ಯೂಟ್ ಪಾಯಿಂಟ್ಸ್ ನೋಡಿನಲ್ಲಿ ಪಾಯ್ಸಾನ್ ಡಿಸ್ಕ್ ವಿಧಾನವನ್ನು ಬಳಸಿದೆ. ಸಾದಾ ರ‍್ಯಾಂಡಮ್ ವಿಧಾನದಲ್ಲಿ ಬಿಂದುಗಳು ಒಂದರ ಮೇಲೊಂದು ಬೀಳುತ್ತವೆ. ಇದರಲ್ಲಿ ಎರಡು ಬಿಂದುಗಳ ನಡುವೆ ಕನಿಷ್ಠ ಇಷ್ಟು ಅಂತರವಿರಲಿ ಎಂದು ಹೇಳಬಹುದು. ನಾನು 3 ಮಿಲಿಮೀಟರ್ ಹೇಳಿದೆ. ಪ್ರತಿ ಬಿಂದುವಿಗೂ ತೆರೆಯುವ ಫ್ರೇಮ್ ಸಂಖ್ಯೆಯೊಂದನ್ನು ಅಂಟಿಸಿ, ಕಾವು ಹೆಚ್ಚಿರುವಲ್ಲಿ ಬೇಗ, ಕಡಿಮೆಯಿರುವಲ್ಲಿ ತಡವಾಗಿ, ಜೊತೆಗೆ ಸ್ವಲ್ಪ ಅಡ್ಡಾದಿಡ್ಡಿಯಾಗಿ ತೆರೆಯುವಂತೆ ಮಾಡಿದೆ. ತೂತು ತೆರೆಯಲು ಮೂರು ಫ್ರೇಮ್ ಸಾಕು. ನಿಧಾನವಾಗಿ ತೆರೆದರೆ ಹಿಟ್ಟು ಉಸಿರಾಡುವ ಪ್ರಾಣಿಯಂತೆ ಕಾಣುತ್ತದೆ, ನೋಡಲು ಹಿತವಲ್ಲ.

ಕೆಂಪು ಬಣ್ಣ

ನೀರಿನ ಅಂಶ ಇರುವಷ್ಟು ಹೊತ್ತು ಹಿಟ್ಟಿನ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ. ನೀರು ಆರಿದ ಮೇಲೆಯೇ ಅದು ಏರಿ, ಸಕ್ಕರೆ ಮತ್ತು ಪ್ರೋಟೀನುಗಳು ಕೂಡಿ ಕೆಂಪು ಬಣ್ಣವನ್ನೂ ಘಮವನ್ನೂ ಕೊಡುವ ಕ್ರಿಯೆ ಜೋರಾಗುತ್ತದೆ. ಅದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ತೆಳುವಾದಲ್ಲಿ ನೀರು ಬೇಗ ಆರುವುದರಿಂದ ಕೆಂಪೂ ಬೇಗ. ಹೀಗಾಗಿ ನಾನು ಮೊದಲೇ ಲೆಕ್ಕ ಹಾಕಿದ್ದ ದಪ್ಪವನ್ನು ಹೆಸರಿಟ್ಟ ಆಟ್ರಿಬ್ಯೂಟ್ ಆಗಿ (ಪ್ರತಿ ಬಿಂದುವಿಗೂ ಅಂಟಿದ ಮೌಲ್ಯವಾಗಿ) ಉಳಿಸಿಕೊಂಡು, ಶೇಡರಿನಲ್ಲಿ ಆಟ್ರಿಬ್ಯೂಟ್ ನೋಡ್ ಮೂಲಕ ಓದಿ, ಬೆಂದ ಕಾಲವನ್ನು ದಪ್ಪದಿಂದ ಭಾಗಿಸಿ ಬಂದ ಉತ್ತರವನ್ನು ಕಲರ್ ರ‍್ಯಾಂಪಿಗೆ ಕೊಟ್ಟೆ: ಕೆನೆಬಿಳಿ, ಹೊಂಬಣ್ಣ, ಕಂದು, ಅಂಚಿನಲ್ಲಿ ಒಂದಿಷ್ಟು ಕಪ್ಪು. ಸೌಟಿನ ಸುರುಳಿ ತಾನಾಗಿಯೇ ಕೆಂಪು ಸುರುಳಿಯಾಗಿ ಮೂಡಿತು. ಯಾವ ಫೋಟೊವನ್ನೂ ಅಂಟಿಸಿರಲಿಲ್ಲ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಕೆಂಪಾಗುವುದು ಕಾವಲಿಗೆ ತಾಗಿದ ಕೆಳಮೈ. ತೂತು ಮತ್ತು ಬದುಗಳಿರುವುದು ಮೇಲ್ಮೈಯಲ್ಲಿ. ಕೆಳಮೈ ಹೆಚ್ಚು ಕಡಿಮೆ ಮಟ್ಟಸ, ಅಲ್ಲಿ ಸುರುಳಿ ಇರುವುದು ಬಣ್ಣದಲ್ಲಿ ಮಾತ್ರ. ಮಗುಚಿದ ಮೇಲೆ ನಾವು ಅದನ್ನು ಕೆಳಗಿನಿಂದ ನೋಡಿದ ಹಾಗಾಗುವುದರಿಂದ ಸೌಟು ಪ್ರದಕ್ಷಿಣೆಯಾಗಿ ಸುತ್ತಿದ್ದರೆ ಕೆಂಪು ಸುರುಳಿ ಅಪ್ರದಕ್ಷಿಣೆಯಾಗಿ ಕಾಣಬೇಕು. ಎರಡು ಮೈಗಳಿಗೂ ಒಂದೇ ದಪ್ಪದ ಆಟ್ರಿಬ್ಯೂಟ್ ಇರುವುದರಿಂದ ನನ್ನ ಮಾದರಿಯಲ್ಲಿ ಇದಕ್ಕೆ ಪ್ರತ್ಯೇಕ ಶ್ರಮ ಬೇಕಾಗಲಿಲ್ಲ. ಫೋಟೊ ಹೊದಿಸುವವರು ಗಮನವಿಟ್ಟು ತಿರುಗಿಸಿಕೊಳ್ಳಬೇಕು.

ಇಷ್ಟಾದ ಮೇಲೆ ತೆಗೆದ ಒಂದು ರೆಂಡರನ್ನು ಮೊಬೈಲಿನಲ್ಲಿ ಭಟ್ಟರಿಗೆ ತೋರಿಸಿದೆ. ಅವರು ಕೈ ಒರೆಸಿಕೊಂಡು, ಚಿತ್ರವನ್ನು ದೊಡ್ಡದು ಮಾಡಿ ನೋಡಿ ಹೇಳಿದ್ದು ಇಷ್ಟು:

“ದೋಸೆ ಚಲೋ ಐತಿ ತಮ್ಮಾ. ಆದ್ರ ಇದು ಗ್ಯಾಸಿನ ಮ್ಯಾಲೆ ಹಾಕಿದ್ ದೋಸೆ. ಕಟ್ಟಿಗಿ ಒಲಿ ಮ್ಯಾಲೆ ಹಿಂಗ ಒಂದೇ ಸಮ ಕೆಂಪಾಗಂಗಿಲ್ಲ.”

“ಎಲ್ಲಿ ಹೆಚ್ಚು ಕೆಂಪಾಗುತ್ತೆ ಅಣ್ಣಾ?”

“ಕಟ್ಟಿಗಿ ತುದಿ ಎಲ್ಲಿ ಉರೀತದ ಅಲ್ಲಿ. ಬಾಯಿ ಕಡಿ ಯಾವಾಗ್ಲೂ ಕಾವು ಕಮ್ಮಿ. ಅದಕ್ಕ ನಾವು ದೋಸಿ ತಿರುಗಿಸಿ ತಿರುಗಿಸಿ ಇಡ್ತೀವಿ.”

ಈ ಮಾತಿನ ಬೆಲೆ ನಾನು ನೋಡಿದ ಎಷ್ಟೋ ಪಾಠದ ವಿಡಿಯೊಗಳಿಗಿಂತ ಹೆಚ್ಚು. ಕಾವಿನ ನಕ್ಷೆಯನ್ನು ಮಾಡಿ ದೋಸೆಗೆ ಅಂಟಿಸದೆ, ಕಾವಲಿಗೆ ಅಂಟಿಸಿದೆ. ಒಲೆಯ ಬಾಯಿಯಿಂದ ಒಳಕ್ಕೆ ಏರುವ ಒಂದು ಗ್ರೇಡಿಯೆಂಟ್, ಅದಕ್ಕೆ ದೊಡ್ಡ ಅಳತೆಯ ನಾಯ್ಸ್. ಟೆಕ್ಸ್‌ಚರ್ ಕೋಆರ್ಡಿನೇಟ್ ನೋಡಿನ ಆಬ್ಜೆಕ್ಟ್ ಜಾಗದಲ್ಲಿ ಕಾವಲಿಯನ್ನು ಆರಿಸಿದರೆ ದೋಸೆಯನ್ನು ಎಲ್ಲಿಗೆ ಸರಿಸಿದರೂ ಅಲ್ಲಿನ ಕಾವೇ ಅದಕ್ಕೆ ತಾಗುತ್ತದೆ. ಸೂತ್ರ ಈಗ ಕಾಲವನ್ನು ಕಾವಿನಿಂದ ಗುಣಿಸಿ ದಪ್ಪದಿಂದ ಭಾಗಿಸುವುದು. ದೋಸೆಯ ಒಂದು ಬದಿ ಕಡುಗೆಂಪಾಗಿ, ಎದುರು ಬದಿ ಇನ್ನೂ ಹೊಂಬಣ್ಣದಲ್ಲೇ ಇದ್ದ ಚಿತ್ರವನ್ನು ತೋರಿಸಿದಾಗ ಭಟ್ಟರು ಏನೂ ಹೇಳದೆ ತಲೆಯಾಡಿಸಿದರು. ತೂತು ತೆರೆಯುವ ಕಾಲಕ್ಕೂ ಇದೇ ನಕ್ಷೆಯನ್ನು ಕೊಟ್ಟೆ.

ಬೆಳಕು ಒಳಹೊಗುವುದು, ಬೆಣ್ಣೆ ಕರಗುವುದು

ಬಿಳಿ ಹಿಟ್ಟು, ತೆಂಗಿನಕಾಯಿ ಚಟ್ನಿ, ಅರಿಸಿನ ಹಾಕದ ಆಲೂಗಡ್ಡೆ ಪಲ್ಯ, ಬೆಣ್ಣೆ, ಇವೆಲ್ಲವುಗಳಲ್ಲಿ ಬೆಳಕು ಸ್ವಲ್ಪ ಒಳಹೊಕ್ಕು ಹರಡಿ ಹೊರಬರುತ್ತದೆ. ಅದಕ್ಕಾಗಿ ಸಬ್‌ಸರ್ಫೇಸ್ ಸ್ಕ್ಯಾಟರಿಂಗ್ ಇದೆ. ಅದರ ಮೊದಲ ಮೌಲ್ಯಗಳು ಮನುಷ್ಯರ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡವು: ಕೆಂಪು 1, ಹಸಿರು 0.2, ನೀಲಿ 0.1, ಅಳತೆ 0.05 ಮೀಟರ್. ಅಂದರೆ ಕೆಂಪು ಬೆಳಕು ಐದು ಸೆಂಟಿಮೀಟರ್ ದೂರ ಹರಡುತ್ತದೆ. ಏಳು ಮಿಲಿಮೀಟರ್ ದಪ್ಪದ ದೋಸೆಗೆ ಇದನ್ನು ಹಾಗೆಯೇ ಬಿಟ್ಟರೆ ಅದು ಒಳಗಿನಿಂದ ಕೆಂಪಗೆ ಬೆಳಗುವ ಮೇಣದ ಬಿಲ್ಲೆಯಾಗುತ್ತದೆ. ಅಳತೆಯನ್ನು 0.002ಕ್ಕೆ ಇಳಿಸಿ, ಮೂರು ಬಣ್ಣಗಳನ್ನು 1, 0.8, 0.5 ಮಾಡಿದ ಮೇಲೆ ಹಿಟ್ಟು ಹಿಟ್ಟಾಯಿತು. ಚಟ್ನಿ, ಪಲ್ಯಗಳಿಗೂ ಇದೇ ಮೌಲ್ಯಗಳು ಸಾಕಾದವು. ಅವು ಚಿತ್ರದ ಮೂಲೆಯಲ್ಲಿ, ಫೋಕಸಿನ ಹೊರಗೆ ಇವೆ, ಹೆಚ್ಚು ಬರೆಯುವಂಥದ್ದಿಲ್ಲ.

ಬೆಣ್ಣೆ ಕರಗಿಸಲು ದ್ರವದ ಸಿಮ್ಯುಲೇಷನ್ ಬಳಸಬಹುದಿತ್ತು. 2020ರಲ್ಲಿ ಬಂದ ಬ್ಲೆಂಡರ್ 2.82ರಿಂದ ಮಾಂಟಾಫ್ಲೋ ಎಂಬ ವ್ಯವಸ್ಥೆ ಅದರೊಳಗೇ ಇದೆ. ಎಂಟು ಜಿಬಿ ಮೆಮೊರಿಯಲ್ಲಿ, ಒಂದು ಚಮಚೆ ಬೆಣ್ಣೆಯಷ್ಟು ಸಣ್ಣ ದ್ರವಕ್ಕೆ ಬೇಕಾದ ಸೂಕ್ಷ್ಮತೆಯನ್ನು ಅದು ಕೊಡುವಷ್ಟರಲ್ಲಿ ಯಂತ್ರವೇ ಕರಗುತ್ತದೆ. ಅದರ ಬದಲು ಬೆಣ್ಣೆ ಮುದ್ದೆಗೆ ಮೂರು ಶೇಪ್ ಕೀಗಳನ್ನು ಕೆತ್ತಿದೆ: ಇಟ್ಟಾಗಿನ ಆಕಾರ, ಬುಡ ಕುಸಿದ ಆಕಾರ, ಪೂರ್ತಿ ಹರಡಿದ ಆಕಾರ. ಬೆಣ್ಣೆ ಮೇಲಿನಿಂದ ಕರಗುವುದಿಲ್ಲ. ದೋಸೆಗೆ ತಾಗಿದ ಬುಡ ಮೊದಲು ಸಡಿಲಾಗಿ, ತಲೆ ಹಾಗೆಯೇ ಉಳಿದು, ಮುದ್ದೆ ಜಾರತೊಡಗುತ್ತದೆ. ನಡುವಿನ ಶೇಪ್ ಕೀ ಇಲ್ಲದಿದ್ದರೆ ಈ ಜಾರುವಿಕೆ ಸಿಗದೆ ಬೆಣ್ಣೆ ಬಲೂನಿನಂತೆ ಗಾಳಿ ಬಿಡುತ್ತದೆ.

ಬಣ್ಣದ ಬದಲಾವಣೆ ಆಕಾರದಷ್ಟೇ ಮುಖ್ಯ. ನಮ್ಮಲ್ಲಿ ಹಾಕುವುದು ಉಪ್ಪಿಲ್ಲದ ಬಿಳಿ ಬೆಣ್ಣೆ. ಗಟ್ಟಿಯಿರುವಾಗ ಒಳಗಿನ ಕೊಬ್ಬಿನ ಹರಳುಗಳೂ ನೀರಿನ ಹನಿಗಳೂ ಬೆಳಕನ್ನು ಚದುರಿಸುವುದರಿಂದ ಅದು ಅಪಾರದರ್ಶಕ ಬಿಳಿ. ಕರಗಿದ ಮೇಲೆ ತಿಳಿಹಳದಿಯ ಪಾರದರ್ಶಕ ಜಿಡ್ಡು. ಆದ್ದರಿಂದ ಎರಡು ವಸ್ತುಗಳನ್ನು ಮಾಡಿ ಮಿಕ್ಸ್ ಶೇಡರಿನಿಂದ ಬೆರೆಸಿದೆ. ಕರಗಿದ ಬೆಣ್ಣೆಯ ವಕ್ರೀಭವನ ಸೂಚ್ಯಂಕ 1.46ರ ಹತ್ತಿರ. ಮುದ್ದೆಯ ಸುತ್ತ ದೋಸೆ ಒದ್ದೆಯಾಗುವುದನ್ನು ತೋರಿಸಲು ಮತ್ತೆ ಪ್ರಾಕ್ಸಿಮಿಟಿ ನೋಡ್: ಬೆಣ್ಣೆಗೆ ಹತ್ತಿರವಾದಷ್ಟೂ ಒರಟುತನ 0.1ಕ್ಕೆ ಇಳಿಯುತ್ತದೆ, ಬಣ್ಣ ತುಸು ಗಾಢವಾಗುತ್ತದೆ. ತೂತುಗಳಲ್ಲಿ ಜಿಡ್ಡು ತುಂಬಿ ಮಿನುಗುವುದು ಇದರಿಂದಲೇ ಬಂತು.

ಮಗುಚುವುದು, ಮಡಚುವುದು

ಮಡಚಲು ಸಿಂಪಲ್ ಡಿಫಾರ್ಮ್ ಮಾಡಿಫೈಯರಿನ ಬೆಂಡ್ ಬಳಸಿ, ಬಾಗುವ ಭಾಗವನ್ನು ನಡುವಿನ ಕಿರುಪಟ್ಟಿಗೆ ಮಾತ್ರ ಸೀಮಿತಗೊಳಿಸಿದೆ. ದೋಸೆಗೆ ದಪ್ಪವಿರುವುದರಿಂದ ಮಡಿಕೆ ಕಾಗದದಂತೆ ಚೂಪಾಗಬಾರದು. ಪಟ್ಟಿಯ ಅಗಲ ದಪ್ಪದ ಮೂರು ಪಟ್ಟಿನಷ್ಟಾದರೂ ಇರಬೇಕು, ಇಲ್ಲವಾದರೆ ಒಳಮೈ ತನ್ನಲ್ಲೇ ತೂರಿಕೊಳ್ಳುತ್ತದೆ.

ಮಗುಚುವ ಚಲನೆಗೆ ಹನ್ನೆರಡು ಫ್ರೇಮ್, ಅಂದರೆ ಅರ್ಧ ಸೆಕೆಂಡು. ದೊಡ್ಡ ಚಲನೆಯ ಮುನ್ನ ಚಿಕ್ಕದೊಂದು ಸಿದ್ಧತೆಯ ಚಲನೆ ಇರಬೇಕೆಂಬುದು ಅನಿಮೇಷನ್ನಿನ ಹಳೆಯ ನಿಯಮ. ಅದನ್ನು ಎಲ್ಲಿಂದ ತರುವುದೆಂದು ಹುಡುಕಬೇಕಾಗಲಿಲ್ಲ: ಸಟ್ಟುಗವನ್ನು ಅಡಿಗೆ ತೂರಿಸುವ ಮೊದಲು ಭಟ್ಟರು ಅಂಚನ್ನು ಎರಡು ಕಡೆ ಒತ್ತಿ ಬಿಡಿಸಿಕೊಳ್ಳುತ್ತಾರೆ. ಆ ಒತ್ತುವಿಕೆಗೆ ಎಂಟು ಫ್ರೇಮ್ ಕೊಟ್ಟೆ. ಮಗುಚಿ ಬಿದ್ದ ಮೇಲೆ ದೋಸೆ ಒಮ್ಮೆಗೇ ನಿಲ್ಲದೆ, ಸಟ್ಟುಗದಿಂದ ದೂರದ ಅಂಚು ಎರಡು ಫ್ರೇಮ್ ತಡವಾಗಿ ಕಾವಲಿಗೆ ತಾಗುತ್ತದೆ. ಈ ಎರಡು ಫ್ರೇಮಿನಲ್ಲೇ ಅದು ಮೆತ್ತಗಿದೆ ಎಂಬುದು ಕಣ್ಣಿಗೆ ತಿಳಿಯುವುದು. ಅವನ್ನು ತೆಗೆದರೆ ದೋಸೆ ಹಲಗೆಯಾಗುತ್ತದೆ.

ಬೆಳಕು ಮತ್ತು ರೆಂಡರ್

ಬಾಗಿಲ ಬೆಳಕಿಗೆ ಒಂದು ದೊಡ್ಡ ಏರಿಯಾ ಲೈಟ್, ಒಲೆಯ ಬಾಯಿಗೆ ಇನ್ನೊಂದು ಚಿಕ್ಕದು. ಬೆಂಕಿಯ ಬಣ್ಣವನ್ನು ಕಣ್ಣಂದಾಜಿನಲ್ಲಿ ಕಿತ್ತಳೆ ಮಾಡದೆ, ಬ್ಲ್ಯಾಕ್‌ಬಾಡಿ ನೋಡಿಗೆ 1900 ಕೆಲ್ವಿನ್ ಕೊಟ್ಟೆ. ಉರಿ ಚೌಕಟ್ಟಿನ ಹೊರಗಿದೆ. ಒಲೆಯ ಬೆಳಕಿನ ತೀವ್ರತೆಗೆ ಗ್ರಾಫ್ ಎಡಿಟರಿನ ನಾಯ್ಸ್ ಮಾಡಿಫೈಯರ್ ಹಾಕಿದ್ದರಿಂದ ಅದರ ಅಲುಗಾಟ ಕಾವಲಿಯ ಅಂಚಿನಲ್ಲಿ ಮಾತ್ರ ಕಾಣುತ್ತದೆ, ಅಷ್ಟೇ ಸಾಕು. ಬ್ಲೆಂಡರ್ 4.0ರಿಂದ ಮೊದಲ ಆಯ್ಕೆಯಾಗಿ ಬರುವ ಎಜಿಎಕ್ಸ್ ಬಣ್ಣ ಪರಿವರ್ತನೆ ಹೊಳೆಯುವ ಬಣ್ಣಗಳನ್ನು ಮಾಗಿಸುತ್ತದೆ. ಒಳ್ಳೆಯದೇ, ಆದರೆ ದೋಸೆಯ ಹೊಂಬಣ್ಣ ಮಂಕಾಯಿತು. ಲುಕ್ ಪಟ್ಟಿಯಿಂದ ಮೀಡಿಯಮ್ ಹೈ ಕಾಂಟ್ರಾಸ್ಟ್ ಆಯ್ದು ಅದನ್ನು ಮರಳಿ ಪಡೆದೆ.

ಸೆಕೆಂಡಿಗೆ 24 ಫ್ರೇಮಿನಂತೆ ಹನ್ನೆರಡು ಸೆಕೆಂಡಿಗೆ 288 ಫ್ರೇಮ್. ಬೆಳಕಿನ ಹಾದಿಯನ್ನು ಲೆಕ್ಕ ಹಾಕಿ ರೆಂಡರ್ ಮಾಡುವ ಸೈಕಲ್ಸ್‌ನಲ್ಲಿ 128 ಸ್ಯಾಂಪಲ್ (ಚಿತ್ರದ ಪ್ರತಿ ಚುಕ್ಕೆಗೂ ಬೆಳಕಿನ ಲೆಕ್ಕ ಇಷ್ಟು ಸಲ), ಮೇಲೆ ಉಳಿದ ಕಾಳುಕಾಳನ್ನು ಅಳಿಸುವ ಡಿನಾಯ್ಸರ್. ಒಂದು ಫ್ರೇಮಿಗೆ ಮೂರು ನಿಮಿಷದಂತೆ 864 ನಿಮಿಷ, ಅಂದರೆ ಹದಿನಾಲ್ಕೂವರೆ ಗಂಟೆಯ ಹತ್ತಿರ. ಬೇಸಿಗೆಯಲ್ಲಿ ಇಷ್ಟು ಹೊತ್ತು ಕರೆಂಟು ನಿಲ್ಲದೆ ಇರುತ್ತದೆಂದು ನಂಬಿ ಕೂರುವಂತಿಲ್ಲ. ಸೊರಗಿದ ಬ್ಯಾಟರಿ ಹತ್ತು ನಿಮಿಷ ತಾಳಿದರೆ ಹೆಚ್ಚು. ಆದ್ದರಿಂದ ನೇರವಾಗಿ ವಿಡಿಯೊ ಫೈಲಿಗೆ ರೆಂಡರ್ ಮಾಡಬಾರದು: ನಡುವೆ ಯಂತ್ರ ಆರಿದರೆ ಇಡೀ ಫೈಲ್ ತೆರೆಯದೇ ಹೋಗಬಹುದು. ಪ್ರತಿ ಫ್ರೇಮನ್ನೂ ಬೇರೆ ಬೇರೆ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಔಟ್‌ಪುಟ್ ಪುಟದಲ್ಲಿ ಓವರ್‌ರೈಟ್ ಗುರುತನ್ನು ತೆಗೆದು, ಪ್ಲೇಸ್‌ಹೋಲ್ಡರ್ಸ್ ಗುರುತನ್ನು ಹಾಕಿದರೆ, ಮತ್ತೆ ಆರಂಭಿಸಿದಾಗ ಆಗಲೇ ಮುಗಿದ ಫ್ರೇಮುಗಳನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಕರೆಂಟು ಹೋದ ಗಳಿಗೆಯಲ್ಲಿ ನಡೆಯುತ್ತಿದ್ದ ಫ್ರೇಮಿನ ಹೆಸರಿನಲ್ಲಿ ಮಾತ್ರ ಸೊನ್ನೆ ಬೈಟಿನ ಖಾಲಿ ಫೈಲ್ ಉಳಿದಿರುತ್ತದೆ. ಅದನ್ನು ಕೈಯಾರೆ ಅಳಿಸದಿದ್ದರೆ ಬ್ಲೆಂಡರ್ ಅದೂ ಮುಗಿದಿದೆ ಎಂದೇ ತಿಳಿದು ಮುಂದೆ ಸಾಗುತ್ತದೆ, ವಿಡಿಯೊದಲ್ಲಿ ಆ ಜಾಗಕ್ಕೆ ಚಿತ್ರವೇ ಇರುವುದಿಲ್ಲ. ಫೈಲುಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ ನೋಡಿದರೆ ಖಾಲಿಯವು ಮೇಲೆಯೇ ಸಿಗುತ್ತವೆ.

ಡಿನಾಯ್ಸರ್ ಪ್ರತಿ ಫ್ರೇಮನ್ನೂ ಪ್ರತ್ಯೇಕವಾಗಿ ಶುಚಿ ಮಾಡುವುದರಿಂದ ತೂತುಗಳ ಒಳನೆರಳು ಫ್ರೇಮಿನಿಂದ ಫ್ರೇಮಿಗೆ ಕದಲುವಂತೆ ಕಾಣುತ್ತದೆ. ದೋಸೆ ಅಲುಗದೆ ಬೇಯುವ ಭಾಗದಲ್ಲಿ ಇದು ಕಣ್ಣಿಗೆ ಹೊಡೆಯುವುದರಿಂದ ಆ ಫ್ರೇಮುಗಳಿಗೆ ಮಾತ್ರ ಸ್ಯಾಂಪಲ್ಲುಗಳನ್ನು 256ಕ್ಕೆ ಏರಿಸಿದೆ. ಮಗುಚುವ ಭಾಗದಲ್ಲಿ ಮೋಷನ್ ಬ್ಲರ್ ಎಲ್ಲವನ್ನೂ ಮುಚ್ಚಿಬಿಡುತ್ತದೆ, 64 ಕೊಟ್ಟರೂ ಸಾಲುತ್ತದೆ.

ಧ್ವನಿಗೆ ಹಿಟ್ಟು ಬಿದ್ದಾಗಿನ ಚುಂಯ್ ಸದ್ದನ್ನು ಮೊಬೈಲಿನಲ್ಲೇ ಹಿಡಿದು, ಬ್ಲೆಂಡರಿನ ವಿಡಿಯೊ ಸೀಕ್ವೆನ್ಸರಿನಲ್ಲಿ ಚಿತ್ರಗಳ ಸಾಲಿನ ಕೆಳಗೆ ಇರಿಸಿದೆ. ಹಿಟ್ಟು ತಾಗುವ ಫ್ರೇಮಿಗೆ ಸರಿಯಾಗಿ, ಇಲ್ಲವೇ ಒಂದು ಫ್ರೇಮ್ ತಡವಾಗಿ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಒಂದೆರಡು ಫ್ರೇಮ್ ಮುಂಚೆ ಬಂದರೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತದೆ. ಮಗುಚಿದಾಗಿನ ಎರಡನೆಯ ಸದ್ದು ಮೊದಲಿನದಕ್ಕಿಂತ ಮೆಲ್ಲಗಿರಬೇಕು, ಏಕೆಂದರೆ ಅಷ್ಟರಲ್ಲಿ ಹಿಟ್ಟಿನ ನೀರು ಬಹುಪಾಲು ಆರಿರುತ್ತದೆ. ಅದನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ ವಿಡಿಯೊವನ್ನು ಹೊರತೆಗೆದೆ. ಮುಂದಿನ ದೃಶ್ಯದಲ್ಲಿ ಭಟ್ಟರು ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಬಳಿಯುವುದು ಇದೆ. ಹನಿಗಳು ತಮ್ಮದೇ ಹಬೆಯ ಮೇಲೆ ತೇಲಿ ಓಡುವುದನ್ನು ಹಿಂದಿನ ಫ್ರೇಮಿನ ಸ್ಥಿತಿಯಿಂದ ಮುಂದಿನದನ್ನು ಲೆಕ್ಕ ಹಾಕುವ ಸಿಮ್ಯುಲೇಷನ್ ಜೋನ್‌ನಲ್ಲಿ ಮಾಡಲು ಹೊರಟಿದ್ದೇನೆ, ಕಾವಿನ ನಕ್ಷೆ ಮಾತ್ರ ಇದೇ ಫೈಲಿನಿಂದ ಹೋಗುತ್ತದೆ.